ಹತ್ತನೆಯ ತರಗತಿಯ ಮೀನಿನ ತೊಟ್ಟಿ: ಒಂದು ಚಟುವಟಿಕೆಯ ವಿಮರ್ಶೆ

ರಾಜ್ಯ ಪಠ್ಯಕ್ರಮದ ಹತ್ತನೆಯ ತರಗತಿ ವಿಜ್ಞಾನ ಪುಸ್ತಕದ ‘ನಮ್ಮ ಪರಿಸರ’ ಅಧ್ಯಾಯದಲ್ಲಿ ಮೊದಲಿಗೇ ಬರುವುದು ಅಕ್ವೇರಿಯಂ ಕಟ್ಟುವ ಚಟುವಟಿಕೆ. ಎನ್‌ಸಿಇಆರ್‌ಟಿ ಪುಸ್ತಕದಿಂದ ಬಂದ ಈ ಚಟುವಟಿಕೆಗೆ ಶಿಕ್ಷಕರ ನಡುವೆ ಒಳ್ಳೆಯ ಹೆಸರಿದೆ. ಖರ್ಚು ಕಡಿಮೆ, ಮಕ್ಕಳಿಗೆ ಇಷ್ಟ, ಪರಿಸರ ವ್ಯವಸ್ಥೆಯನ್ನು ಕಣ್ಣೆದುರಿಗೇ ತಂದಿಡುತ್ತದೆ ಎಂದು ಅದನ್ನು ಹೊಗಳುತ್ತಾರೆ. ಈ ಹೊಗಳಿಕೆಯಲ್ಲಿ ಅರ್ಧ ಮಾತ್ರ ಅದಕ್ಕೆ ಸಲ್ಲುತ್ತದೆ. ಚಟುವಟಿಕೆಯ ಮೊದಲ ಭಾಗ ವಿಜ್ಞಾನವಾಗಿ ತಪ್ಪು. ಕೊನೆಯ ಭಾಗದ ಪ್ರಶ್ನೆಗಳು ಇಡೀ ಅಧ್ಯಾಯದಲ್ಲೇ ಶ್ರೇಷ್ಠವಾದವು, ಆದರೆ ಅವುಗಳನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಿರುವ ನಮ್ಮ ಜಿಲ್ಲೆಯ ಶಾಲೆಗಳ ಮಟ್ಟಿಗೆ ಈ ನಷ್ಟ ದೊಡ್ಡದು. ಇಲ್ಲಿನ ನೀರಿನಲ್ಲೇ ಒಂದು ವರ್ಷದ ರಸಾಯನಶಾಸ್ತ್ರ ಅಡಗಿದೆ.

ಪುಸ್ತಕ ಹೇಳುವುದಿಷ್ಟು. ಮೀನಿಗೆ ಈಜಲು ಜಾಗ, ನೀರು, ಆಮ್ಲಜನಕ, ಆಹಾರ ಬೇಕು. ಆಮ್ಲಜನಕಕ್ಕೆ ಪಂಪ್ ಇಡಬಹುದು, ಆಹಾರ ಅಂಗಡಿಯಲ್ಲಿ ಸಿಗುತ್ತದೆ. ಕೆಲವು ಜಲಸಸ್ಯಗಳನ್ನೂ ಪ್ರಾಣಿಗಳನ್ನೂ ಸೇರಿಸಿದರೆ ತೊಟ್ಟಿ ತನ್ನನ್ನು ತಾನೇ ಪೋಷಿಸಿಕೊಳ್ಳುವ ವ್ಯವಸ್ಥೆಯಾಗುತ್ತದೆ. ಆಮೇಲೆ ಪ್ರಶ್ನೆಗಳು: ಕಟ್ಟಿದ ಮೇಲೆ ಹಾಗೇ ಬಿಡಬಹುದೇ? ಆಗಾಗ ಯಾಕೆ ಸ್ವಚ್ಛಗೊಳಿಸಬೇಕು? ಕೆರೆ, ಕೊಳಗಳನ್ನೂ ಹೀಗೆ ತೊಳೆಯಬೇಕೇ?

ಮೂರನೆಯ ಹೇಳಿಕೆಯಲ್ಲಿ ತೊಡಕಿದೆ. ತೊಟ್ಟಿ ತನ್ನನ್ನು ತಾನೇ ಪೋಷಿಸಿಕೊಳ್ಳುವುದಾದರೆ ಪಂಪ್ ಯಾಕೆ, ಅಂಗಡಿಯ ಆಹಾರ ಯಾಕೆ? ಸಸ್ಯ ಸೇರಿಸಿದ ದಿನ ಅವೆರಡನ್ನೂ ತೆಗೆಯಬೇಕೇ, ಇಟ್ಟುಕೊಳ್ಳಬೇಕೇ? ಪುಸ್ತಕ ಹೇಳುವುದಿಲ್ಲ. ಹತ್ತನೆಯ ತರಗತಿಯ ಮಕ್ಕಳಿಗೆ ಎಟುಕುವ ಲೆಕ್ಕವೊಂದು ಈ ತೊಡಕನ್ನು ಬಯಲಿಗೆಳೆಯುತ್ತದೆ. 50 ಲೀಟರ್ ನೀರಿನ ತೊಟ್ಟಿಗೆ ದಿನಕ್ಕೆ ಅರ್ಧ ಗ್ರಾಂ ಮೀನಿನ ಆಹಾರ ಹಾಕಿದರೆ, ಅದರಲ್ಲಿ ಶೇ. 40 ಪ್ರೋಟೀನ್ ಇದ್ದರೆ, ಪ್ರೋಟೀನಿನ ಶೇ. 16 ಸಾರಜನಕವಾದ್ದರಿಂದ ದಿನಕ್ಕೆ 32 ಮಿಲಿಗ್ರಾಂ ಸಾರಜನಕ ನೀರಿಗೆ ಇಳಿಯುತ್ತದೆ. ತಿಂಗಳಿಗೆ ಇದು ಹತ್ತಿರ ಹತ್ತಿರ ಒಂದು ಗ್ರಾಂ. ಅದರಲ್ಲಿ ಕಾಲು ಭಾಗ ಮೀನಿನ ಮೈಗೆ ಹತ್ತಿದರೂ ಉಳಿದದ್ದೆಲ್ಲ ನೈಟ್ರೇಟ್ ಆಗಿ ನಿಂತಾಗ ಲೀಟರಿಗೆ ಸುಮಾರು 60 ಮಿಲಿಗ್ರಾಂ ಆಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟಿರುವ ಮಿತಿ 45. ಸಸ್ಯಗಳು ಒಂದಿಷ್ಟು ಹೀರಿಕೊಳ್ಳುತ್ತವೆ, ಆದರೆ ಆ ಸಸ್ಯವನ್ನು ಕತ್ತರಿಸಿ ಹೊರಗೆ ಹಾಕದಿದ್ದರೆ ಕೊಳೆತ ಎಲೆಯ ಮೂಲಕ ಅದೇ ಸಾರಜನಕ ನೀರಿಗೆ ಮರಳುತ್ತದೆ. ಹೊರಗಿನಿಂದ ದಿನವೂ ಒಳಗೆ ಬರುವ, ಒಳಗಿನಿಂದ ಹೊರಗೆ ಹೋಗಲು ದಾರಿಯಿಲ್ಲದ ವಸ್ತುವೊಂದು ಇರುವಾಗ ಆ ವ್ಯವಸ್ಥೆಯನ್ನು ಸ್ವಾವಲಂಬಿ ಎನ್ನಲಾಗದು.

ಈ ಕಲ್ಪನೆ ಪುಸ್ತಕದವರು ಹುಟ್ಟಿಸಿದ್ದಲ್ಲ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ ಮತ್ತು ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿಟ್ಟು, ಪ್ರಾಣಿ ಬಿಡುವ ಅನಿಲವನ್ನು ಸಸ್ಯವೂ ಸಸ್ಯ ಬಿಡುವುದನ್ನು ಪ್ರಾಣಿಯೂ ಬಳಸಿ ಸಮತೋಲ ಸಾಧಿಸುತ್ತವೆ ಎಂದು ಕೆಮಿಕಲ್ ಸೊಸೈಟಿಗೆ ವರದಿ ಮಾಡಿದರು. ಅಂದಿಗೆ ಅದು ದೊಡ್ಡ ಹೆಜ್ಜೆ. ಆದರೆ 1949ರಲ್ಲಿ ಅಮೆರಿಕದ ಮತ್ಸ್ಯವಿಜ್ಞಾನಿ ಜೇಮ್ಸ್ ಆಟ್ಜ್ ಈ ಸಮತೋಲದ ಮಾತನ್ನು ಮಿಥ್ಯೆ ಎಂದೇ ಕರೆದರು. ತೊಟ್ಟಿಯ ಉಸಿರಾಟ ಮುಖ್ಯವಾಗಿ ನಡೆಯುವುದು ನೀರಿನ ಮೇಲ್ಮೈಯಲ್ಲಿ, ಗಾಳಿಯೊಡನೆ. ಬೆಳಕಿಲ್ಲದ ಹೊತ್ತಿನಲ್ಲಿ ಗಿಡವೂ ಆಮ್ಲಜನಕ ತಿನ್ನುತ್ತದೆ. ಹೀಗಾಗಿ ಪುಸ್ತಕ ಸೂಚಿಸುವ ದೊಡ್ಡ ಜಾಡಿಗಿಂತ ಬಾಯಿ ಅಗಲವಾದ, ಆಳ ಕಡಿಮೆಯ ಪಾತ್ರೆ ಮೇಲು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಈ ಜಿಲ್ಲೆಯಲ್ಲಿ ಇದಕ್ಕೆ ಇನ್ನಷ್ಟು ತೂಕವಿದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರಿನಲ್ಲಿ ಕರಗುವ ಆಮ್ಲಜನಕವೂ ಕರಾವಳಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಬೇಸಿಗೆಯ ಬಿಸಿಲಿಗೆ ಶೀಟ್ ಮಾಡಿನ ಕೊಠಡಿಯಲ್ಲಿ ನೀರು 30 ಡಿಗ್ರಿ ಮುಟ್ಟಿದರೆ ಲೀಟರಿಗೆ 7 ಮಿಲಿಗ್ರಾಂ ಕೂಡ ಕರಗದು.

ಅನಿಲಗಳ ಮಾತಿಗಿಂತ ಗಂಭೀರವಾದ ಲೋಪ ಇನ್ನೊಂದು. ತೊಟ್ಟಿಯನ್ನು ನಿಜವಾಗಿ ನಡೆಸುವ ಜೀವಿ ಈ ಚಟುವಟಿಕೆಯಲ್ಲಿ ಇಲ್ಲವೇ ಇಲ್ಲ. ಮೀನು ಕಿವಿರಿನಿಂದ ಬಿಡುವುದು ಅಮೋನಿಯಾ. ಒಂದು ಗುಂಪಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ಮೀನಿಗೆ ವಿಷ, ಕೊನೆಯದು ಬಹಳಷ್ಟು ಸಹ್ಯ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳ ಪದರ ಸ್ಪಂಜು, ಕಲ್ಲು, ಗಾಜಿನ ಮೇಲೆ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಮುಂದಿನ ಪುಟಗಳಲ್ಲಿ ಪುಸ್ತಕ ವಿಘಟಕರನ್ನು ಪರಿಚಯಿಸುತ್ತದೆ ನಿಜ. ಆದರೆ ಈ ಜೀವಿಗಳು ವಿಘಟಕರ ಪಟ್ಟಿಗೆ ಸೇರುವುದಿಲ್ಲ. ಅಮೋನಿಯಾವನ್ನು ಉತ್ಕರ್ಷಿಸಿ ಬಂದ ಶಕ್ತಿಯಿಂದ ಇಂಗಾಲದ ಡೈಆಕ್ಸೈಡನ್ನು ಆಹಾರವಾಗಿಸಿಕೊಳ್ಳುವ ಇವು, ಬೆಳಕು ಬೇಡದ ಉತ್ಪಾದಕರು. ಉತ್ಪಾದಕ, ಭಕ್ಷಕ, ವಿಘಟಕ ಎಂಬ ಪುಸ್ತಕದ ಮೂರು ಖಾನೆಗಳಲ್ಲಿ, ಸೂರ್ಯನ ಬೆಳಕನ್ನೇ ಉತ್ಪಾದಕರ ಲಕ್ಷಣವಾಗಿಸಿದ ವಿವರಣೆಯಲ್ಲಿ, ಇವಕ್ಕೆ ಜಾಗವಿಲ್ಲ. ಸೋಮವಾರ ತೊಟ್ಟಿ ಕಟ್ಟಿ ಮಂಗಳವಾರ ಮೀನು ಬಿಟ್ಟ ಶಾಲೆಯಲ್ಲಿ ಎರಡನೆಯ ವಾರ ಮೀನುಗಳು ಸತ್ತು ತೇಲುವುದರ ಕಾರಣ ಬಹುಪಾಲು ಇದೇ. ಮಕ್ಕಳಿಗೆ ಸಿಗುವ ವಿವರಣೆ ಮಾತ್ರ ನೀರು ಕೊಳೆಯಾಯಿತು ಎಂಬುದು.

ಹಾಗಾದರೆ ತೊಟ್ಟಿಯನ್ನು ಹೇಗೆ ಕಟ್ಟಬೇಕು? ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 54 ಲೀಟರ್ ಹಿಡಿಯುತ್ತದೆ. ಗಾಜು, ಕಲ್ಲು ಸೇರಿ 70 ಕಿಲೋ ದಾಟುವ ಈ ಭಾರವನ್ನು ತರಗತಿಯ ಡೆಸ್ಕ್ ಮೇಲೆ ಇಡಬಾರದು. ಸಮತಟ್ಟಾದ ಕಲ್ಲಿನ ಕಟ್ಟೆ, ಅದರ ಮೇಲೆ ಥರ್ಮಾಕೋಲ್ ಹಾಳೆ ಸರಿ. ಬಿಸಿಲು ನೇರವಾಗಿ ಬೀಳುವ ಕಿಟಕಿ ಬೇಡ. ಗಾಜು ಅಂಟಿಸಿದ ಸಿಲಿಕೋನ್ ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೂ ಒಣಗಬೇಕು, ಬೂಷ್ಟು ನಿರೋಧಕ ಬೆರೆಸಿದ ಬಚ್ಚಲುಮನೆಯ ಸಿಲಿಕೋನ್ ಮೀನಿಗೆ ಆಗದು. ತಳಕ್ಕೆ ಗ್ರಾನೈಟ್ ಜಲ್ಲಿಯ ಸಣ್ಣ ಚೂರು ತೊಳೆದು ಹಾಕಬಹುದು, ಅದು ನೀರಿನ ಗುಣ ಬದಲಿಸುವುದಿಲ್ಲ. ಅಮೃತಶಿಲೆಯ ಚೂರು, ಚಿಪ್ಪು ಗಡಸುತನ ಹೆಚ್ಚಿಸುತ್ತವೆ. ಏರ್ ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್ ಒಂದಿದ್ದರೆ ಸಾಕು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಬೇಕು, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ ನುಗ್ಗುತ್ತದೆ. ವೈರು ಪ್ಲಗ್ಗಿಗಿಂತ ಕೆಳಗೆ ಬಾಗಿ ಮೇಲೇರಬೇಕು, ಆಗ ತೊಟ್ಟಿಕ್ಕುವ ನೀರು ಪ್ಲಗ್ ಮುಟ್ಟದು. ವಿದ್ಯುತ್ ಸಾಲಿಗೆ, ಸೋರಿಕೆಯಾದೊಡನೆ ಕರೆಂಟ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದ ಶಾಲೆಯಲ್ಲಿ ಈ ಪ್ರಯೋಗ ಮಾಡಬಾರದು. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಬೇಕು, ಪ್ಲಗ್ ಕಳಚಬೇಕು. ನೀರು ತೆಗೆಯಲು ಪೈಪನ್ನು ಬಾಯಿಂದ ಎಳೆಯುವ ರೂಢಿ ನಿಲ್ಲಬೇಕು. ಮೀನಿನ ನೀರಿನಲ್ಲಿ ಸಾಲ್ಮೊನೆಲ್ಲ ಇರಬಹುದು, ಕೈಯ ಗಾಯದ ಮೂಲಕ ಚರ್ಮಕ್ಕೆ ಸೋಂಕು ತರುವ ಮೈಕೋಬ್ಯಾಕ್ಟೀರಿಯಂ ಮರೈನಮ್ ಕೂಡ ಇರಬಹುದು. ಗಾಯವಿರುವ ಕೈ ನೀರಿಗೆ ಬೇಡ, ಕೆಲಸ ಮುಗಿದ ಮೇಲೆ ಎಲ್ಲರೂ ಸೋಪಿನಿಂದ ಕೈ ತೊಳೆಯಬೇಕು. ಈ ಯಾವ ಮಾತೂ ಪುಸ್ತಕದಲ್ಲಿಲ್ಲ.

ನೀರಿನ ಆಯ್ಕೆಯಲ್ಲಿ ಜಿಲ್ಲೆಯದೇ ಪಾಠವಿದೆ. ಇಲ್ಲಿನ ಶಾಲೆಗಳಿಗೆ ಎರಡು ನೀರು ಸಿಗುತ್ತವೆ: ಆಳದ ಬೋರ್‌ವೆಲ್‌ನಿಂದ ಓವರ್‌ಹೆಡ್ ಟ್ಯಾಂಕಿಗೆ ಬರುವ ಗಡಸು ನೀರು, ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು. ಮೀನಿಗೆ ಶುದ್ಧ ನೀರೇ ಒಳ್ಳೆಯದು ಎಂದು ಕ್ಯಾನಿನಲ್ಲಿ ಆರ್‌ಒ ನೀರು ತರುವುದುಂಟು. ಇದು ತಪ್ಪು. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಾಗ ನೀರಿನ ಸುಮಾರು ಏಳು ಮಿಲಿಗ್ರಾಂ ಕ್ಷಾರತೆ ಕರಗಿಹೋಗುತ್ತದೆ. ಮೇಲಿನ ಲೆಕ್ಕದ ತೊಟ್ಟಿಯಲ್ಲಿ ತಿಂಗಳಿಗೆ ಲೀಟರಿಗೆ 100 ಮಿಲಿಗ್ರಾಂ. ಆರ್‌ಒ ನೀರಿನಲ್ಲಿ ಅಷ್ಟು ಕ್ಷಾರತೆ ಇರುವುದಿಲ್ಲ. ಪಿಎಚ್ ಕುಸಿದು ಸೂಕ್ಷ್ಮಜೀವಿಗಳ ಕೆಲಸವೇ ನಿಲ್ಲುತ್ತದೆ. ಬೋರ್‌ವೆಲ್ ನೀರು ಈ ಕುಸಿತವನ್ನು ತಡೆಯುತ್ತದೆ, ಆದರೆ ಅದರ ತೊಂದರೆ ಬೇರೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪ ಶೇ. 0.6ರಷ್ಟು, ಪಿಎಚ್ 8 ಇದ್ದರೆ ಶೇ. 5ಕ್ಕೂ ಹೆಚ್ಚು. ಒಂದೇ ಪ್ರಮಾಣದ ಅಮೋನಿಯಾ ಪಿಎಚ್ 8ರ ಗಡಸು ನೀರಿನಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚು ಹಾನಿಕರ. ಪಂಚಾಯಿತಿಯ ನೀರುಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನದ ನೀರನ್ನು ಒಂದೆರಡು ದಿನ ತೆರೆದಿಟ್ಟು, ಗಾಳಿಯಾಡಿಸಿ ಬಳಸಬೇಕು. ಜಲ ಜೀವನ್ ಮಿಷನ್ ಅಡಿ ಪಂಚಾಯಿತಿಗಳಿಗೆ ಬಂದಿರುವ ನೀರು ಪರೀಕ್ಷೆಯ ಕಿಟ್‌ನಲ್ಲಿ ಪಿಎಚ್, ಗಡಸುತನ, ನೈಟ್ರೇಟ್, ಉಳಿಕೆ ಕ್ಲೋರಿನ್ ನೋಡಬಹುದು. ಅಮೋನಿಯಾ, ನೈಟ್ರೈಟ್ ಹನಿಬಾಟಲಿಗಳು ಅದರಲ್ಲಿ ಇಲ್ಲದಿದ್ದರೆ ಬೇರೆಯಾಗಿ ಕೊಳ್ಳಬೇಕು. ಕೆಲವು ಊರುಗಳಲ್ಲಿ ಬೋರ್‌ವೆಲ್ ನೀರಿನಲ್ಲೇ ನೈಟ್ರೇಟ್ ಮಿತಿ ಮೀರಿರುವುದು ಮಕ್ಕಳ ಕೈಯಲ್ಲೇ ಪತ್ತೆಯಾದರೆ, ಅದು ಯಾವ ಮೀನಿನ ತೊಟ್ಟಿಗಿಂತಲೂ ದೊಡ್ಡ ಪಾಠ.

ಪ್ರಯೋಗ ಶುರುವಾಗಬೇಕಾದದ್ದು ಮೀನಿಲ್ಲದೆ. ಜೂನ್‌ನಲ್ಲಿ ನೀರು ತುಂಬಿ, 50 ಲೀಟರಿಗೆ ಸುಮಾರು 0.3 ಗ್ರಾಂ ಅಮೋನಿಯಂ ಕ್ಲೋರೈಡ್, ಅಂದರೆ ಕಲಾಯಿಯವರ ನವಸಾಗರ, ಪ್ರಯೋಗಾಲಯದ ಬಾಟಲಿಯಿಂದ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಆಗುತ್ತದೆ. ವಾರಕ್ಕೆರಡು ಸಲ ಅಳೆದು ಗ್ರಾಫ್ ಹಾಕಬೇಕು. ಅಮೋನಿಯಾ ಇಳಿದು, ನೈಟ್ರೈಟ್ ಏರಿ ಇಳಿದು, ಕೊನೆಗೆ ನೈಟ್ರೇಟ್ ಮಾತ್ರ ಉಳಿಯುವ ಮೂರು ಗೆರೆಗಳು ಆಗಸ್ಟ್ ಹೊತ್ತಿಗೆ ಗೋಡೆಯ ಮೇಲೆ ಮೂಡುತ್ತವೆ. ಮೀನು ಬರುವುದಾದರೆ ಆಮೇಲೆ, ನಾಲ್ಕೈದು ಸಣ್ಣವು ಮಾತ್ರ. ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರು ಬದಲಿಸಬೇಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು, ನಲ್ಲಿಯ ಕ್ಲೋರಿನ್ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಒಂದನ್ನೊಂದು ತಿನ್ನುವ ಪ್ರಾಣಿಗಳನ್ನು ಹಾಕಿದ್ದರೆ ಏನಾಗುತ್ತಿತ್ತು ಎಂಬ ಪುಸ್ತಕದ ಮುಂದಿನ ಪ್ರಶ್ನೆಗೆ ಉತ್ತರ, ಕೆರೆಯಂಗಳದಲ್ಲಿ ಕೊರವ ಮೀನು ಕಂಡ ಹೊಸಕೋಟೆಯ ಮಗುವಿಗೆ ಮೊದಲೇ ಗೊತ್ತು.

ಈ ಚಟುವಟಿಕೆಯನ್ನು ಕುರಿತ ವಾದಗಳಲ್ಲಿ ಮೂರು ಬಗೆ ಕಾಣುತ್ತವೆ, ಮೂರೂ ಎಡವುತ್ತವೆ. ಮೊದಲನೆಯವರು ಪ್ರಾಣಿದಯೆಯ ಹೆಸರಿನಲ್ಲಿ ತೊಟ್ಟಿಯೇ ಬೇಡ, ವಿಡಿಯೊ ಸಾಕು ಎನ್ನುತ್ತಾರೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ, ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಕೆ ಅಷ್ಟೇ ಸಾಧ್ಯವಿದ್ದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗ ಬೇಡ ಎನ್ನುವುದು ನಿಜ, ಮೀನೂ ಆ ಕಾಯ್ದೆಯ ಪ್ರಾಣಿಯೇ. ಆದರೆ ವಿಡಿಯೊ ತೋರಿಸುವುದು ಮೀನನ್ನು, ಇಲ್ಲಿ ಕಲಿಯಬೇಕಾದದ್ದು ಕಣ್ಣಿಗೆ ಕಾಣದ ಜೀವಿಗಳ ಕೆಲಸವನ್ನು. ಮೀನಿಲ್ಲದ ಆರು ವಾರಗಳು ಅವರ ಆಕ್ಷೇಪಕ್ಕೂ ಉತ್ತರ. ಎರಡನೆಯವರದು ಇದಕ್ಕಿಂತ ಕಠಿಣ ಮನಸ್ಸು: ಸಾಯಲಿ, ಸಾವಿನಿಂದಲೂ ಮಕ್ಕಳು ಕಲಿಯುತ್ತಾರೆ ಎಂಬುದು. ಕಾರಣ ಅಳೆಯದ ಸಾವಿನಿಂದ ಮಕ್ಕಳು ಕಲಿಯುವುದು ಜೀವ ಅಗ್ಗ ಎಂಬುದನ್ನಷ್ಟೇ.

ಮೂರನೆಯವರ ವಾದ ಹೆಚ್ಚು ಗೌರವಕ್ಕೆ ಅರ್ಹ, ಹಾಗಾಗಿಯೇ ಹೆಚ್ಚು ಅಪಾಯಕಾರಿ. ಚಟುವಟಿಕೆ ಆಧಾರಿತ ಕಲಿಕೆಯ ಪ್ರತಿಪಾದಕರು, ಪುಸ್ತಕ ಪ್ರಶ್ನೆ ಕೇಳಿ ಸುಮ್ಮನಾಗಬೇಕು, ಅಂಕಿ ಅಳತೆಗಳನ್ನು ಕೊಟ್ಟರೆ ಮಕ್ಕಳ ಹುಡುಕಾಟ ನಿಲ್ಲುತ್ತದೆ ಎನ್ನುತ್ತಾರೆ. ಹುಡುಕಾಟಕ್ಕೆ ಸಮಯ, ಅಳೆಯುವ ಸಾಧನ, ತಪ್ಪಿದರೆ ಮರಳಿ ಮಾಡುವ ಅವಕಾಶ ಇರುವ ಕಡೆ ಇದು ಸರಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ವರ್ಷದಲ್ಲಿ ಪುಸ್ತಕ ತೆರೆದಿಟ್ಟ ಪ್ರಶ್ನೆಯನ್ನು ಗೈಡ್ ಒಂದೇ ಸಾಲಿನಲ್ಲಿ ಮುಚ್ಚುತ್ತದೆ. ತೊಟ್ಟಿಯನ್ನು ಯಾಕೆ ಸ್ವಚ್ಛಗೊಳಿಸಬೇಕು? ಅದರಲ್ಲಿ ವಿಘಟಕರಿಲ್ಲ, ಕೆರೆಯಲ್ಲಿ ಇದ್ದಾರೆ. ಈ ಉತ್ತರ ಎರಡು ಕಡೆಯೂ ತಪ್ಪು. ತೊಟ್ಟಿಯಲ್ಲಿ ವಿಘಟಕರು ಬೇಕಾದಷ್ಟಿದ್ದಾರೆ, ಕೊರತೆ ಇರುವುದು ಸಾರಜನಕ ಹೊರಹೋಗುವ ದಾರಿಗೆ. ವಾರದ ಅಳತೆಯ ಒಂದು ಕೋಷ್ಟಕವನ್ನು ಪುಸ್ತಕದಲ್ಲಿ ಖಾಲಿಯಾಗಿ ಮುದ್ರಿಸಿದ್ದರೂ ಈ ಗೈಡಿನ ಸಾಲು ನಿಲ್ಲುತ್ತಿರಲಿಲ್ಲ.

ಕೆರೆಯ ವಿಷಯದಲ್ಲಿ ತಪ್ಪು ಇನ್ನೂ ಆಳದ್ದು. ಪುಸ್ತಕ ಕಾಡು, ಕೊಳ, ಸರೋವರಗಳನ್ನು ನೈಸರ್ಗಿಕ ವ್ಯವಸ್ಥೆಗಳೆಂದೂ ತೋಟ, ಹೊಲಗಳನ್ನು ಮಾನವ ನಿರ್ಮಿತವೆಂದೂ ವಿಂಗಡಿಸುತ್ತದೆ. ಈ ಜಿಲ್ಲೆಯ ಕೆರೆಗಳು ಏರಿ ಕಟ್ಟಿ, ತೂಬಿಟ್ಟು, ಕೋಡಿ ಬಿಟ್ಟು ಮನುಷ್ಯರು ಮಾಡಿದವು. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು ಕಟ್ಟಿದ ಹೆಸರಘಟ್ಟ ಕೆರೆಯೂ ಹಾಗೆಯೇ. ಅವನ್ನು ಸ್ವಚ್ಛಗೊಳಿಸುತ್ತಲೇ ಬಂದಿದ್ದಾರೆ: ಬೇಸಿಗೆಯಲ್ಲಿ ಹೂಳೆತ್ತಿ, ಕೆರೆಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆದು. ತೊಟ್ಟಿಯ ನೀರು ಬದಲಿಸುವುದೂ ಕೆರೆಗೋಡು ಹೊಡೆಯುವುದೂ ಒಂದೇ ಕೆಲಸ, ಸಾರಜನಕ ಮತ್ತು ರಂಜಕಕ್ಕೆ ಹೊರದಾರಿ ಮಾಡುವುದು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯ ನೀರು ದೇವನಹಳ್ಳಿ ತಾಲ್ಲೂಕಿನ ಕೆರೆಗಳಿಗೆ ಹರಿಯುವ ಈ ಕಾಲದಲ್ಲಿ, ಕೆರೆಯನ್ನೂ ತೊಳೆಯಬೇಕೇ ಎಂಬ ಪುಸ್ತಕದ ಪ್ರಶ್ನೆಗೆ ‘ಬೇಡ’ ಎಂದು ಬರೆದ ಮಗುವಿಗೆ ಅಂಕ ಕೊಡುವುದು ಅನ್ಯಾಯ.

ಮಾರ್ಚ್ ಕೊನೆಗೆ, ಬೇಸಿಗೆ ರಜೆಗೆ ಮುಂಚೆ, ತೊಟ್ಟಿಯನ್ನು ಮುಚ್ಚಬೇಕು. ಎರಡು ತಿಂಗಳು ಅದನ್ನು ನೋಡಿಕೊಳ್ಳುವವರಿಲ್ಲ. ಮೀನುಗಳನ್ನು ತಂದ ಅಂಗಡಿಗೋ ಸಾಕಲು ಒಪ್ಪಿದ ಮನೆಗೋ ಕೊಡಬೇಕು, ಕೆರೆಗಾಗಲಿ ಬಾವಿಗಾಗಲಿ ಬಿಡಬಾರದು. ತೊಟ್ಟಿ ತೊಳೆಯುತ್ತದೆಂದು ಮಾರುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು, ದಕ್ಷಿಣ ಭಾರತದ ಹಲವು ಕೆರೆ ನದಿಗಳಲ್ಲಿ ಈಗಾಗಲೇ ಬೇರೂರಿದೆ. ಅದನ್ನು ಶಾಲೆಗೆ ತರದಿರುವುದೇ ಸರಿ. ಗಿಡಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ನೈಟ್ರೇಟ್ ತುಂಬಿದ ನೀರು ಬಿಸಿಯೂಟದ ಕೈತೋಟಕ್ಕೆ ಒಳ್ಳೆಯ ಗೊಬ್ಬರ. ಖಾಲಿ ತೊಟ್ಟಿಯ ಗೋಡೆಯನ್ನು ಉಜ್ಜಿ ಒಣಗಿಸಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಒಣ ಗಾಜಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ಸ್ಪಂಜು ಒಣಗಿದರೆ ಅದರಲ್ಲಿನ ಸೂಕ್ಷ್ಮಜೀವಿಗಳು ಬಹುಪಾಲು ಸಾಯುತ್ತವೆ, ಜೂನ್‌ನಲ್ಲಿ ಬರುವ ಹೊಸ ತಂಡ ಅಮೋನಿಯಾದಿಂದಲೇ ಮತ್ತೆ ಆರಂಭಿಸಬೇಕಾಗುತ್ತದೆ.