‘ಸುಳಿಯುವ ಆತ್ಮ’: ಒಂದು ಶಬ್ದವಿಚಾರ

ವಚನಗಳಿಗೆ ಅರ್ಥ ಬರೆಯುವವರಲ್ಲಿ ಜೀವ, ಪ್ರಾಣ, ಆತ್ಮ ಎಂಬ ಮೂರು ಶಬ್ದಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವ ರೂಢಿ ಬಲವಾಗಿ ಬೇರೂರಿದೆ. ಜನಬಳಕೆ ಇಷ್ಟು ಅಜಾಗರೂಕವಾದುದಲ್ಲ. ದಣಿದವನು ‘ಜೀವ ಸಾಕಾಯಿತು’ ಎನ್ನುತ್ತಾನೆಯೇ ಹೊರತು ‘ಆತ್ಮ ಸಾಕಾಯಿತು’ ಎನ್ನುವುದಿಲ್ಲ. ಹಳ್ಳಿಗನಿಗೆ ತಿಳಿದ ಈ ಭೇದ ವ್ಯಾಖ್ಯಾನಕಾರರಿಗೆ ಮರೆತುಹೋಗುವುದು ಸೋಜಿಗವೇ ಸರಿ.

ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದನ್ನು ಇಲ್ಲಿ ನೋಡಬಹುದು. ದೇಹದ ಹೊರಗುರುತುಗಳನ್ನು ಕಂಡು ಜನ ಹೆಣ್ಣೆಂದೋ ಗಂಡೆಂದೋ ಹೆಸರಿಡುತ್ತಾರೆ. ನಡುವಿರುವ ಆತ್ಮಕ್ಕಾದರೋ ಆ ಎರಡೂ ಹೆಸರುಗಳು ಸಲ್ಲವೆಂಬುದು ಅದರ ತಾತ್ಪರ್ಯ. ಇದನ್ನು ಬೋಧಿಸುವಾಗ ಆತ್ಮವೆಂದರೆ ನಿರ್ವಿಕಾರ, ನಿಶ್ಚಲ, ಸಾಕ್ಷಿಸ್ವರೂಪ ಎಂದು ವೇದಾಂತದ ವಿಶೇಷಣಗಳನ್ನು ತಂದು ಹೊರಿಸುವುದು ವಾಡಿಕೆ. ಆದರೆ ದಾಸಿಮಯ್ಯನು ಆತ್ಮಕ್ಕೆ ಕೊಟ್ಟ ಕ್ರಿಯಾಪದ ‘ಸುಳಿ’. ಕನ್ನಡದಲ್ಲಿ ಸುಳಿಯುವುದು ಗಾಳಿ. ಒಮ್ಮೊಮ್ಮೆ ನೆನಪು, ನೆರಳು. ನಿಶ್ಚಲವಾದುದು ಸುಳಿಯಲಾರದು! ಋಗ್ವೇದದಲ್ಲಿ ಗಾಳಿಯನ್ನು ದೇವತೆಗಳ ಆತ್ಮವೆಂದು ಕರೆದಿರುವುದುಂಟು. ಉಸಿರೆಂಬ ಆ ಹಳೆಯ ಅರ್ಥವೇ ನೇಯಿಗೆಯ ಕಾಯಕದ ಈ ಶರಣನ ಮಾತಿನಲ್ಲಿ ಉಸಿರಾಡುತ್ತಿದೆಯೆಂದರೆ ತಪ್ಪಾಗದು. ಅವನು ಆ ವೇದಮಂತ್ರವನ್ನು ಬಲ್ಲವನಾಗಿರಬೇಕೆಂದೇನೂ ಇಲ್ಲ. ‘ಸುಳಿ’ ಎಂಬ ಕನ್ನಡದ ಧಾತುವೇ ಅವನನ್ನು ಅಲ್ಲಿಗೆ ಒಯ್ದಿದೆ.

1973ರಲ್ಲಿ ಪ್ರಕಟವಾದ ತಮ್ಮ ಆಂಗ್ಲ ಅನುವಾದದಲ್ಲಿ ಎ. ಕೆ. ರಾಮಾನುಜನ್ ಅವರು ಇಲ್ಲಿಯ ಆತ್ಮಕ್ಕೆ ‘ಸೋಲ್’ ಎನ್ನದೆ ‘ಸೆಲ್ಫ್’ ಎಂದರು. ಸಂಸ್ಕೃತದಲ್ಲಿ ಆತ್ಮಶಬ್ದವು ‘ತಾನು’ ಎಂಬ ಸರ್ವನಾಮದ ಕೆಲಸವನ್ನೂ ಮಾಡುವುದರಿಂದ ಆ ಆಯ್ಕೆ ಯುಕ್ತವಾದುದೇ. ಸ್ವರ್ಗ ನರಕಗಳ ಲೆಕ್ಕ ಹೊತ್ತು ಬರುವ ‘ಸೋಲ್’ ಅಲ್ಲಿ ಹೊಂದುತ್ತಿರಲಿಲ್ಲ.

ಇದೇ ಮಾತನ್ನು ಎತ್ತಿಕೊಂಡ ಧೂಪದ ಕಾಯಕದ ಗೊಗ್ಗವ್ವೆಯ ವಚನವನ್ನು ಪಕ್ಕದಲ್ಲಿಟ್ಟು ಓದಿದಾಗ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಹೊರಗುರುತುಗಳ ಮಾತು ಹೆಚ್ಚುಕಡಿಮೆ ಅದೇ. ಆದರೆ ದಾಸಿಮಯ್ಯನು ಆತ್ಮವೆಂದಲ್ಲಿ ಅವಳು ಜ್ಞಾನವೆನ್ನುತ್ತಾಳೆ. ಅವನು ಅಲ್ಲವೆಂದು ನಿರ್ಣಯಿಸಿದಲ್ಲಿ ಅವಳು ಹೆಣ್ಣೋ ಗಂಡೋ ಎಂದು ಕೇಳುತ್ತಾಳೆ. ದೇಹದೊಳಗಿನ ವಸ್ತುವೊಂದರಿಂದ ಅರಿವಿನ ಕಡೆಗೆ ವಿಚಾರ ಸರಿದಿದೆ. ಇದನ್ನು ಬರಿಯ ಪಾಠಾಂತರವೆಂದು ಬದಿಗಿಡುವುದು ಗೊಗ್ಗವ್ವೆಗೆ ಮಾಡುವ ಅನ್ಯಾಯ.

ಶಾಸ್ತ್ರಕಾರರು ಈ ಶಬ್ದದ ವಿಷಯದಲ್ಲಿ ಮತ್ತೂ ಎಚ್ಚರದಿಂದಿದ್ದರು. ಮಾಯಿದೇವನ ‘ಅನುಭವಸೂತ್ರ’ದಲ್ಲಿ ಸ್ಥಲವು ಲಿಂಗಸ್ಥಲ, ಅಂಗಸ್ಥಲಗಳೆಂದು ಇಬ್ಬಗೆಯಾಗುತ್ತದೆ, ಉಪಾಸಕನಾದ ಜೀವನಿಗೆ ಅಲ್ಲಿ ಸಲ್ಲುವ ಹೆಸರು ಅಂಗ. ಶೈವಸಿದ್ಧಾಂತದ ‘ಪಶು’ ಪಾಶದಿಂದ ಬಿಗಿಯಲ್ಪಟ್ಟುದು. ‘ಅಂಗ’ವಾದರೋ ಲಿಂಗದೊಡನೆ ಸಾಮರಸ್ಯ ಪಡೆಯಲು ಅರ್ಹವಾದುದು. ಷಟ್‌ಸ್ಥಲಗಳಲ್ಲಿ ನಾಲ್ಕನೆಯದು ಪ್ರಾಣಲಿಂಗಿಸ್ಥಲ. ಆ ಪ್ರಾಣಕ್ಕೆ ಆತ್ಮವೆಂದು ಅರ್ಥ ಬರೆದರೆ ಉಸಿರೇ ಲಿಂಗವಾಗುವ ಸಾಧನೆಯ ಬಿಸುಪು ಆರಿಹೋಗುತ್ತದೆ.

ಶಬ್ದ ಸಡಿಲಾದಾಗ ಆಚಾರವೂ ಸಡಿಲಾಗುವುದಕ್ಕೆ ಶ್ರದ್ಧಾಂಜಲಿಯ ಪ್ರಕಟಣೆಗಳೇ ಸಾಕ್ಷಿ. ಮೇಲಿನ ಸಾಲಿನಲ್ಲಿ ‘ಲಿಂಗೈಕ್ಯರಾದರು’ ಎಂದಿರುತ್ತದೆ. ಕೆಳಗಿನ ಸಾಲಿನಲ್ಲಿ ‘ಅವರ ಆತ್ಮಕ್ಕೆ ಶಾಂತಿ ದೊರೆಯಲಿ’ ಎಂಬ ಪ್ರಾರ್ಥನೆ. ಲಿಂಗದಲ್ಲಿ ಬೆರೆತವರಿಗೆ ಶಾಂತಿಯನ್ನು ಅರಸುತ್ತ ಬೇರೆಯಾಗಿ ಉಳಿದ ಆತ್ಮ ಯಾವುದೆಂದು ಅಚ್ಚು ಹಾಕಿಸಿದವರನ್ನು ಕೇಳಬೇಕು.