ತೊಂಬತ್ತೊಂಬತ್ತು ವರ್ಷದವರು, ಎರಡು ವರ್ಷದವರು

ತಾನಾಗಿ ಬೆಳೆದ ಊರಿನ ಗುಣದೋಷಗಳಿಗೆ ಯಾರನ್ನೂ ಹೊಣೆ ಮಾಡಲಾಗದು. ಸಿಂಗಪುರದ ಈಶಾನ್ಯ ತುದಿಯ ಪುಂಗೋಲ್ ಅಂಥ ಊರಲ್ಲ. ಅಲ್ಲಿನ ಕಾಲುವೆಯ ತಿರುವು, ಮೆಟ್ರೋ ನಿಲ್ದಾಣದ ಜಾಗ, ಒಂದೊಂದು ಮಹಡಿಗೆ ಎಷ್ಟು ಮನೆ, ಒಂದು ಕಟ್ಟಡದಲ್ಲಿ ಯಾವ ಜನಾಂಗದವರ ಪಾಲು ಎಷ್ಟು ಎಂಬುದನ್ನೆಲ್ಲ ಯಾರೋ ಕೂತು ತೀರ್ಮಾನಿಸಿದ್ದಾರೆ. ಹಾಗಾಗಿ ಅದನ್ನೊಂದು ಕೃತಿಯೆಂದು ಓದಬಹುದು, ಯಾರಿಗಾಗಿ ರಚಿಸಿದ್ದು ಎಂದು ಕೇಳಲೂಬಹುದು. ಪುಂಗೋಲ್ ಹುಟ್ಟಿದ್ದು ಮನೆ ಕೊಂಡವರಿಗಾಗಿ. ಬಾಡಿಗೆಗೆ ಬಂದವರು ಅಲ್ಲಿ ಹೊಟ್ಟೆ ತುಂಬ ಉಣ್ಣಬಹುದು, ಆದರೆ ಪಂಕ್ತಿಯಲ್ಲಿ ಅವರ ಹೆಸರಿನ ಎಲೆ ಇಲ್ಲ.

ಈ ನೆಲಕ್ಕೆ ಹಳೆಯ ಬದುಕೊಂದಿತ್ತು. 1920ರ ದಶಕದ ಕೊನೆಯಲ್ಲಿ ಭಾರತೀಯ ಮೂಲದ ಜಮೀನ್ದಾರ ವಿಲಿಯಂ ಬಸಪ ಇಲ್ಲಿ ಖಾಸಗಿ ಮೃಗಾಲಯ ನಡೆಸುತ್ತಿದ್ದರು. 1942ರ ಫೆಬ್ರುವರಿಯಲ್ಲಿ ಜಪಾನೀ ಸೈನಿಕರು ಇದೇ ಕಡಲದಂಡೆಯಲ್ಲಿ ಚೀನೀ ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟರು. ಆಮೇಲೂ ದಶಕಗಳ ಕಾಲ ಇದು ಹಂದಿ ಸಾಕುವವರ, ಮೀನು ಹಿಡಿಯುವವರ ಸೀಮೆಯಾಗಿತ್ತು. 1996ರಲ್ಲಿ ಆಗಿನ ಪ್ರಧಾನಿ ಗೋ ಚೋಕ್ ಟೋಂಗ್ ‘ಪುಂಗೋಲ್ 21’ ಎಂಬ ಹೊಸ ಊರಿನ ಯೋಜನೆ ಘೋಷಿಸಿದರು. ಮರುವರ್ಷವೇ ಏಷ್ಯಾದ ಆರ್ಥಿಕ ಬಿಕ್ಕಟ್ಟು ಬಂದು ಕೆಲಸ ಕುಂಟಿತು. ಮೆಟ್ರೋ ಬಂದರೂ ಮನೆಗಳು ಏಳಲಿಲ್ಲ. ಅದೇ ಮಾರ್ಗದ ಬುವಾಂಗ್‌ಕೋಕ್ ನಿಲ್ದಾಣವನ್ನು ಪೂರಾ ಕಟ್ಟಿಯೂ ಬಾಗಿಲು ತೆರೆಯದೆ ಇಟ್ಟಾಗ, 2005ರಲ್ಲಿ ಮಂತ್ರಿಯೊಬ್ಬರು ಬರುವ ಹೊತ್ತಿಗೆ ಯಾರೋ ರಟ್ಟಿನ ಬಿಳಿಯಾನೆಗಳನ್ನು ಅಲ್ಲಿ ನಿಲ್ಲಿಸಿದ್ದರು. ತಮಾಷೆಗೂ ಪರವಾನಗಿ ಕೇಳುವ ದೇಶದಲ್ಲಿ ಅದು ದೊಡ್ಡ ಸುದ್ದಿಯಾಯಿತು, ಮರುವರ್ಷದ ಆರಂಭದಲ್ಲೇ ನಿಲ್ದಾಣವೂ ತೆರೆಯಿತು. 2007ರಲ್ಲಿ ಯೋಜನೆಗೆ ಮರುಜೀವ ಬಂತು. 2011ರಲ್ಲಿ 4.2 ಕಿಲೋಮೀಟರ್ ಉದ್ದದ ಕೃತಕ ಕಾಲುವೆ ಊರಿನ ನಡುವೆ ಹರಿಯಿತು.

ಆ ಕಾಲುವೆ ಪುಂಗೋಲಿನ ಅತ್ಯುತ್ತಮ ಭಾಗ. ಎರಡು ಜಲಾಶಯಗಳನ್ನು ಜೋಡಿಸಲೆಂದು ತೋಡಿದ್ದಾದರೂ, ಅದರ ಎರಡೂ ದಂಡೆಗಳನ್ನು ಖಾಸಗಿ ಕಟ್ಟಡಗಳಿಗೆ ಮಾರದೆ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟಿದ್ದು ಯೋಜಕರ ದೊಡ್ಡತನ. ಭೂಮಧ್ಯರೇಖೆಗೆ ಅಂಟಿಕೊಂಡ ದ್ವೀಪದಲ್ಲಿ ಬಿಸಿಲು, ಗಾಳಿ, ಮಳೆಯನ್ನು ಲೆಕ್ಕಕ್ಕೆ ಹಿಡಿಯದ ಕಟ್ಟಡ ನಿತ್ಯದ ಶಿಕ್ಷೆ. ಇಲ್ಲಿ ಲೆಕ್ಕ ಹಿಡಿದಿದ್ದಾರೆ. ಬ್ಲಾಕಿನಿಂದ ಬಸ್ ನಿಲ್ದಾಣಕ್ಕೆ ಸೂರಿರುವ ಹಾದಿಗಳಿವೆ, ಚಿಕ್ಕ ಎಲ್‌ಆರ್‌ಟಿ ರೈಲು ಮನೆಗಳ ನಡುವೆಯೇ ಸುತ್ತುತ್ತದೆ. ನೆಲಮಹಡಿಯನ್ನು ಖಾಲಿ ಬಿಟ್ಟ ವಾಯ್ಡ್ ಡೆಕ್ಕಿನಲ್ಲಿ ಬೆಳಿಗ್ಗೆ ಅಜ್ಜಿಯರ ವ್ಯಾಯಾಮ ನಡೆದರೆ, ಒಂದು ವಾರಾಂತ್ಯ ಮಲಯರ ಮದುವೆ, ಇನ್ನೊಂದು ವಾರ ಚೀನೀಯರ ಸಾವಿನ ವಿಧಿ.

ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿನ ಸರ್ಕಾರಿ ವಸತಿ ಬ್ಲಾಕುಗಳಿಗೆ ಗೇಟಿಲ್ಲ. ಬೆಂಗಳೂರಿನ ವೈಟ್‌ಫೀಲ್ಡ್, ಸರ್ಜಾಪುರದ ಕಡೆಯಿಂದ ಬಂದವರಿಗೆ ಇದು ಮೊದಲು ನಂಬಿಕೆಗೇ ಬರುವುದಿಲ್ಲ. ನಮ್ಮಲ್ಲಿ ಒಳ್ಳೆಯ ರಸ್ತೆ, ಮರ, ಮಕ್ಕಳ ಆಟದ ಜಾಗ ಬೇಕೆಂದರೆ ಕಾಂಪೌಂಡಿನೊಳಗೆ ಹೋಗಬೇಕು, ಸೆಕ್ಯುರಿಟಿಯವನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಪುಂಗೋಲಿನಲ್ಲಿ ಆಟದ ಮೈದಾನ, ಗ್ರಂಥಾಲಯ, ಕಾಲುವೆ ದಂಡೆ ಎಲ್ಲವೂ ಬೀದಿಯ ಭಾಗ. ಮೊನ್ನೆ ಬಂದ ಬಾಡಿಗೆದಾರನಿಗೂ ಹತ್ತು ವರ್ಷದ ಮಾಲೀಕನಿಗೂ ಅಲ್ಲಿ ಭೇದವಿಲ್ಲ.

ಕೊರತೆಗಳೂ ಇವೆ, ಅವೂ ಯೋಜನೆಯದೇ ಕೊರತೆಗಳು. ಮನೆ ಮೊದಲು, ಊಟ ಆಮೇಲೆ ಎಂಬಂತೆ ಹೊಸ ಪುಂಗೋಲ್ ತನ್ನ ಹಾಕರ್ ಸೆಂಟರಿಗಾಗಿ 2022ರವರೆಗೆ ಕಾಯಿತು. ಅಗ್ಗದ ಬಿಸಿ ಊಟವೇ ನಿತ್ಯಜೀವನದ ಅಡಿಪಾಯವಾದ ದೇಶದಲ್ಲಿ ಇದು ಸಣ್ಣ ಲೋಪವಲ್ಲ. ಎಲ್ಲರೂ ಒಂದೇ ವಯಸ್ಸಿನಲ್ಲಿ ಮನೆ ಪಡೆದದ್ದರಿಂದ ಎಲ್ಲರಿಗೂ ಒಂದೇ ಹೊತ್ತಿನಲ್ಲಿ ಶಿಶುವಿಹಾರ ಬೇಕಾಗುತ್ತದೆ, ಎಲ್ಲರೂ ಒಂದೇ ಹೊತ್ತಿಗೆ ನಗರದ ಕಡೆ ರೈಲು ಹತ್ತುತ್ತಾರೆ. ಕೆಲಸವನ್ನೇ ಇಲ್ಲಿಗೆ ತರುವ ಡಿಜಿಟಲ್ ಡಿಸ್ಟ್ರಿಕ್ಟ್ ಯೋಜನೆ ಬಂದದ್ದು ತಡವಾಗಿ, ಅದಕ್ಕೆ ಹೊಂದಿದ ಪುಂಗೋಲ್ ಕೋಸ್ಟ್ ನಿಲ್ದಾಣ ತೆರೆದದ್ದು 2024ರ ಡಿಸೆಂಬರಿನಲ್ಲಿ.

ಇಷ್ಟು ಎಲ್ಲ ನಿವಾಸಿಗಳಿಗೂ ಸಮಾನ. ಬಾಡಿಗೆದಾರನ ಕಥೆ ಬೇರೆಯಾಗುವುದಕ್ಕೆ ಕಾರಣ ಸಿಂಗಪುರದ ಗೃಹನೀತಿಯ ಬೇರಿನಲ್ಲಿದೆ. 1960ರಲ್ಲಿ ಹುಟ್ಟಿದ ಎಚ್‌ಡಿಬಿ ಎಂಬ ಸರ್ಕಾರಿ ಗೃಹಮಂಡಳಿ ಮೊದಲು ಕಟ್ಟಿದ್ದು ಬಾಡಿಗೆ ಮನೆಗಳನ್ನೇ. 1964ರಲ್ಲಿ ಮಾರಾಟ ಶುರುವಾಯಿತು. 1968ರಿಂದ ಸಿಪಿಎಫ್ ಎಂಬ ಕಡ್ಡಾಯ ಭವಿಷ್ಯನಿಧಿಯ ಹಣದಿಂದ ಕಂತು ಕಟ್ಟಲು ಅವಕಾಶವಾಯಿತು. ಮನೆಯಿದ್ದವನಿಗೆ ಮಾತ್ರ ದೇಶ ತನ್ನದೆನಿಸುತ್ತದೆ ಎಂಬುದು ದೇಶದ ಮೊದಲ ಪ್ರಧಾನಿ ಲೀ ಕುವಾನ್ ಯೂ ಅವರ ಗಟ್ಟಿ ನಂಬಿಕೆಯಾಗಿತ್ತು. ಇಂದು ಅಲ್ಲಿನ ನಿವಾಸಿಗಳಲ್ಲಿ ಮುಕ್ಕಾಲಿಗೂ ಹೆಚ್ಚು ಮಂದಿ ಎಚ್‌ಡಿಬಿ ಮನೆಗಳಲ್ಲಿದ್ದಾರೆ, ಅವರಲ್ಲಿ ಬಹುಪಾಲು ಮಾಲೀಕರು. ವಸತಿಹೀನತೆಯನ್ನು ಇಷ್ಟು ಬೇಗ ನೀಗಿದ ಸರ್ಕಾರಗಳು ಕಡಿಮೆ. ಆದರೆ ಸ್ವಂತ ಮನೆಯೇ ಪೌರತ್ವದ ಗುರುತಾದಾಗ ಬಾಡಿಗೆಯವನು ನಿಯಮಾವಳಿಯ ಉಪಕಲಮಿನಲ್ಲಿ ಬದುಕಬೇಕಾಗುತ್ತದೆ.

ಆ ಉಪಕಲಮುಗಳನ್ನೇ ನೋಡಿ. ಮಾಲೀಕ ಕನಿಷ್ಠ ಐದು ವರ್ಷ ತಾನೇ ವಾಸಿಸಿದ ಮೇಲಷ್ಟೇ ಇಡೀ ಮನೆಯನ್ನು ಬಾಡಿಗೆಗೆ ಕೊಡಬಹುದು. ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಕೊಡುವಂತಿಲ್ಲ. ಮಲೇಷ್ಯಾದವರನ್ನು ಬಿಟ್ಟು ಉಳಿದ ವಿದೇಶೀಯರಾದರೆ ಇತ್ತೀಚಿನವರೆಗೂ ಒಂದು ಸಲಕ್ಕೆ ಎರಡು ವರ್ಷವೇ ಗರಿಷ್ಠವಾಗಿತ್ತು. ಅಂಥವರ ಬಾಡಿಗೆ ಮನೆಗಳು ನೆರೆಹೊರೆಯಲ್ಲಿ 8 ಪ್ರತಿಶತ, ಒಂದು ಬ್ಲಾಕಿನಲ್ಲಿ 11 ಪ್ರತಿಶತ ದಾಟುವಂತಿಲ್ಲ. ಕರಾರಿನ ಒಟ್ಟು ಬಾಡಿಗೆಯ ಮೇಲೆ 0.4 ಪ್ರತಿಶತ ಸ್ಟಾಂಪ್ ಡ್ಯೂಟಿ ಬಾಡಿಗೆದಾರನದೇ. ಎಸಿ ಸರ್ವಿಸ್ ಮೂರು ತಿಂಗಳಿಗೊಮ್ಮೆ, ಅದರ ಖರ್ಚೂ ಸಾಮಾನ್ಯವಾಗಿ ಅವನದೇ.

ಕಾಗದದ ಮೇಲೆ ಇದು ಕಟ್ಟುನಿಟ್ಟು, ಆದರೆ ಸ್ಪಷ್ಟ. ವರ್ಷಕ್ಕೊಂದು ತಿಂಗಳ ಲೆಕ್ಕದಲ್ಲಿ ಎರಡು ವರ್ಷದ ಕರಾರಿಗೆ ಎರಡು ತಿಂಗಳ ಡಿಪಾಸಿಟ್ ರೂಢಿ. ಕೆಲಸ ಹೋಗಿ ದೇಶ ಬಿಡಬೇಕಾದರೆ ಮೊದಲ ವರ್ಷದ ನಂತರ ನೋಟಿಸ್ ಕೊಟ್ಟು ಬಿಡಿಸಿಕೊಳ್ಳುವ ‘ಡಿಪ್ಲೊಮ್ಯಾಟಿಕ್ ಕ್ಲಾಝ್’ ಇರುತ್ತದೆ. ಡಿಪಾಸಿಟ್ ತಕರಾರಾದರೆ ವಕೀಲರಿಲ್ಲದೆಯೇ ಸ್ಮಾಲ್ ಕ್ಲೇಮ್ಸ್ ನ್ಯಾಯಮಂಡಳಿಗೆ ಹೋಗಬಹುದು. ಹತ್ತು ತಿಂಗಳ ಅಡ್ವಾನ್ಸ್ ತೆತ್ತು, ಬಿಡುವಾಗ ಪೇಂಟಿಂಗಿಗೆಂದು ಅದರಲ್ಲಿ ಒಂದು ಪಾಲು ಕಳೆದುಕೊಂಡು, ಹನ್ನೊಂದು ತಿಂಗಳ ಕರಾರುಗಳಲ್ಲೇ ಬದುಕು ಸವೆಸಿದ ಬೆಂಗಳೂರಿಗನಿಗೆ ಇದು ಸುಧಾರಿತ ಲೋಕವೆನಿಸಿದರೆ ತಪ್ಪಿಲ್ಲ.

ನಿಯಮ ಮೌನವಾದ ಕಡೆ ಮಾತ್ರ ಬಣ್ಣ ಬಯಲಾಗುತ್ತದೆ. ಮನೆ ಕೊಳ್ಳುವಾಗ 1989ರಿಂದ ಜನಾಂಗೀಯ ಸಮತೋಲನ ನೀತಿಯಿದೆ. ಯಾವ ಬ್ಲಾಕೂ ಒಂದೇ ಜನಾಂಗದ ಕೇರಿಯಾಗಬಾರದೆಂಬ ಉದ್ದೇಶ ಅದರದು. ಅದರ ಕಿರಿಕಿರಿಗಳೇನೇ ಇರಲಿ, ಮಾಲೀಕರ ನಡುವೆ ನೆರೆತನವನ್ನು ಅದು ಒತ್ತಾಯದಿಂದಲಾದರೂ ಬೆಳೆಸಿದೆ. ಬಾಡಿಗೆಯ ಪೇಟೆಯಲ್ಲಿ ಅಂಥ ಒತ್ತಾಯವಿಲ್ಲ. ಭಾರತೀಯರಿಗೆ ಕೊಡುವುದಿಲ್ಲವೆಂದು ಜಾಹೀರಾತಿನಲ್ಲೇ ಬರೆಯುತ್ತಿದ್ದ ಕಾಲವಿತ್ತು. ಏಜೆಂಟರಿಗೆ ಮಾರ್ಗಸೂಚಿ ಬಂದ ಮೇಲೆ ಜಾಹೀರಾತು ಸಭ್ಯವಾಯಿತು, ಫೋನಿನಲ್ಲಿ ಕೇಳುವ ಪ್ರಶ್ನೆ ಉಳಿಯಿತು. ಯಾವ ದೇಶದವರು, ಅಡುಗೆ ಜೋರಾಗಿ ಮಾಡುತ್ತೀರಾ? ಒಗ್ಗರಣೆ ಎಂಬುದು ಕರಾರಿನ ವಿಷಯವಾಗುತ್ತದೆ. 2011ರಲ್ಲಿ ಒಂದು ಭಾರತೀಯ ಕುಟುಂಬದ ಕರಿಯ ವಾಸನೆಗೆ ನೆರೆಯವರು ತಕರಾರು ಎತ್ತಿದ ಹಳೆಯ ಪ್ರಕರಣವೊಂದು ಪತ್ರಿಕೆಯಲ್ಲಿ ಬಂದಾಗ, ಸಾವಿರಾರು ಮಂದಿ ಸಿಂಗಪುರದವರು ಒಂದೇ ಭಾನುವಾರ ಕರಿ ಬೇಯಿಸಲು ಹೊರಟರು. ಆ ಸಜ್ಜನಿಕೆ ನಿಜವಾದದ್ದೇ. ಆದರೆ ಅದು ಕಾನೂನಿನ ಜಾಗ ತುಂಬಲಾರದು. ಇದನ್ನು ಓದಿ ನಾವು ಹುಬ್ಬೇರಿಸುವ ಮೊದಲು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಜಯನಗರದ ಬೋರ್ಡುಗಳನ್ನೂ, ಹೆಸರು ಕೇಳಿದೊಡನೆ ಮನೆ ಹೋಗಿಬಿಡುವ ನಮ್ಮೂರಿನ ಮುಸ್ಲಿಮರನ್ನೂ ದಲಿತರನ್ನೂ ನೆನೆಯುವುದು ಒಳ್ಳೆಯದು. ವ್ಯತ್ಯಾಸವೊಂದೇ: ನಮ್ಮಲ್ಲಿ ಯೋಜನೆಯೇ ಇಲ್ಲ. ಎಲ್ಲವನ್ನೂ ಯೋಜಿಸುವ ಸಿಂಗಪುರ ಇದೊಂದನ್ನು ಕೈಬಿಟ್ಟಿದೆ ಎಂದರೆ, ಆ ಕೈಬಿಡುವಿಕೆಯೂ ಯೋಜನೆಯ ಭಾಗವೇ.

ಇನ್ನೂ ಕೆಳಗಿನ ಮೆಟ್ಟಿಲೊಂದಿದೆ. ಈ ಕಟ್ಟಡಗಳನ್ನು ಕಟ್ಟಿದ ತಮಿಳುನಾಡು, ಬಾಂಗ್ಲಾದೇಶದ ವರ್ಕ್ ಪರ್ಮಿಟ್ ಕಾರ್ಮಿಕರಿಗೆ ಎಚ್‌ಡಿಬಿ ಮನೆ ಬಾಡಿಗೆಗೆ ಹಿಡಿಯುವ ಅನುಮತಿಯೇ ಇಲ್ಲ. ಅವರಿಗೆ ಡಾರ್ಮಿಟರಿಗಳು. 2020ರ ಏಪ್ರಿಲಿನಲ್ಲಿ ಪುಂಗೋಲಿನ ಅಂಥದೊಂದು ಡಾರ್ಮಿಟರಿ, ಸುಮಾರು 13,000 ಜನರಿದ್ದದ್ದು, ದೇಶದ ಅತಿ ದೊಡ್ಡ ಕೋವಿಡ್ ಕೇಂದ್ರವಾಯಿತು. ಪುಂಗೋಲಿನ ಗೇಟಿಲ್ಲದ ಬಯಲನ್ನು ಹೊಗಳುವವರು ಬೇಲಿಯೊಳಗಿನ ಈ ಪುಂಗೋಲನ್ನೂ ಕೂಡಿಸಿಯೇ ಅಂಕ ಕೊಡಬೇಕು.

ಹಾಗಾದರೆ ಮಾಲೀಕನಾದರೂ ನಿಜವಾದ ಮಾಲೀಕನೇ? ಎಚ್‌ಡಿಬಿ ಮನೆ ಎಂದರೆ 99 ವರ್ಷದ ಲೀಸ್. ಅವಧಿ ಮುಗಿದರೆ ಮನೆ ಸರ್ಕಾರಕ್ಕೆ. ಹಳೆಯ ಮನೆಗಳನ್ನೆಲ್ಲ ಸರ್ಕಾರ ಮರುಖರೀದಿ ಮಾಡೀತೆಂದು ನಂಬಬೇಡಿ ಎಂದು 2017ರಲ್ಲಿ ಆಗಿನ ಮಂತ್ರಿ ಲಾರೆನ್ಸ್ ವಾಂಗ್ ಎಚ್ಚರಿಸಿದಾಗ ದೇಶವೇ ಬೆಚ್ಚಿತು. 2020ರ ಕೊನೆಯ ದಿನ ಗೆಯ್ಲಾಂಗ್ ಲೋರೋಂಗ್ 3ರ 191 ಖಾಸಗಿ ಮನೆಗಳ 60 ವರ್ಷದ ಲೀಸ್ ಮುಗಿದು ಅವು ಪರಿಹಾರವಿಲ್ಲದೆ ಸರ್ಕಾರಕ್ಕೆ ಮರಳಿದವು. ಇಂಥ ಲೀಸಿನ ಭೂಮಿ ಕೊನೆಗೂ ಸರ್ಕಾರದ್ದೇ. ಹಾಗೆ ನೋಡಿದರೆ ಮಾಲೀಕ ದೀರ್ಘಾವಧಿ ಬಾಡಿಗೆದಾರ, ಬಾಡಿಗೆಯವನು ಅಲ್ಪಾವಧಿಯವನು. ಆದರೆ ಮೊದಲನೆಯವನಿಗೆ ಸಬ್ಸಿಡಿ, ನೆಲೆ, ನೆರೆಯವರನ್ನು ಕುರಿತ ರಾಷ್ಟ್ರನೀತಿ ಎಲ್ಲ ಇದೆ. ಎರಡನೆಯವನಿಗಿರುವುದು ಕರಾರು ಪತ್ರ.

ಬೀದಿ, ಕಾಲುವೆ, ರೈಲು ಕಟ್ಟುವ ಕಲೆಯಲ್ಲಿ ಪುಂಗೋಲಿಗೆ ಸಾಟಿಯಾದ ಉಪನಗರ ಉಷ್ಣವಲಯದಲ್ಲಿ ಅಪರೂಪ. ನಮ್ಮ ನಗರಾಭಿವೃದ್ಧಿ ಪ್ರಾಧಿಕಾರಗಳು ಗೇಟಿಲ್ಲದ ಬಡಾವಣೆಯ ಪಾಠವನ್ನಾದರೂ ಅಲ್ಲಿಂದ ಕಲಿಯಬೇಕು. ಆದರೆ ದುಡಿಯಲು ಹೊರಗಿನವರನ್ನು ನಿರಂತರ ಕರೆಸಿಕೊಳ್ಳುವ ದ್ವೀಪ, ಅವರನ್ನು ಮಾತ್ರ ತಾತ್ಕಾಲಿಕವೆಂದು ಲೆಕ್ಕ ಹಾಕಿ ಊರು ಕಟ್ಟುವುದು ಯೋಜನೆಯ ಜಾಣತನವಲ್ಲ, ಜಾರಿಕೆ. ಬಾಡಿಗೆಯಲ್ಲಿ ಜನಾಂಗ ಕೇಳುವುದನ್ನು ಕಾನೂನಿನಿಂದ ತಡೆಯುವುದು, ಇಚ್ಛಿಸುವವರಿಗೆ ಇನ್ನೂ ಉದ್ದದ ಕರಾರು ಕೊಡುವುದು, ಕಟ್ಟಿದ ಕಾರ್ಮಿಕನಿಗೂ ಊರಿನೊಳಗೆ ಕೋಣೆ ಸಿಗುವಂತೆ ಮಾಡುವುದು, ಇವು ಕಾಲುವೆ ತೋಡಿದವರಿಗೆ ಕಷ್ಟದ ಕೆಲಸಗಳಲ್ಲ. ಅವನ್ನು ಮಾಡುವವರೆಗೂ ಪುಂಗೋಲ್ ಉತ್ತಮ ವಸತಿಯೆನಿಸಿಕೊಳ್ಳಬಹುದು, ಎಲ್ಲರ ಊರು ಎನಿಸಿಕೊಳ್ಳಲಾರದು.