ಚೆಲುವಪಿಳ್ಳೆಯ ಐತಿಹ್ಯವೂ ಧ್ವಜಸ್ತಂಭದ ಮೇರೆಯೂ

ಫಾಲ್ಗುಣಮಾಸದಲ್ಲಿ ವೈರಮುಡಿಯ ಉತ್ಸವಕ್ಕೆಂದು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ಸೀಮೆಗಳಿಂದಲೂ ಮೇಲುಕೋಟೆಯ ಬೆಟ್ಟವನ್ನೇರುವ ಜನಕ್ಕೆ ಚೆಲುವಪಿಳ್ಳೆರಾಯನ ಕಥೆಯು ಚಿರಪರಿಚಿತವಾದುದು. ಭಕ್ತರು ಅದನ್ನು ಶ್ರದ್ಧೆಯಿಂದ ಕೇಳುತ್ತಾರೆ. ಚರಿತ್ರಕಾರರು ಸಂಶಯದಿಂದ ಕೇಳುತ್ತಾರೆ. ಆದರೆ ಜನತೆಯ ಬಾಯಲ್ಲಿ ಬೆಳೆದ ಇಂಥ ಐತಿಹ್ಯವು ಒಂದು ಕಾವ್ಯವೂ ಆಗಿರುವುದರಿಂದ, ಕಾವ್ಯಕ್ಕೆ ಸಲ್ಲತಕ್ಕ ಪರೀಕ್ಷೆಯು ಅದಕ್ಕೂ ಸಲ್ಲತಕ್ಕದ್ದಾಗಿದೆ.

ಕಥೆಯ ಸಾರವಿಷ್ಟು. ಹೊಯ್ಸಳನಾಡಿಗೆ ಬಂದ ರಾಮಾನುಜಾಚಾರ್ಯರು ಮೇಲುಕೋಟೆಯಲ್ಲಿ ತಿರುನಾರಾಯಣನ ಮೂಲಮೂರ್ತಿಯನ್ನು ಕಂಡುಕೊಂಡರು. ಉತ್ಸವಮೂರ್ತಿಯು ದಿಲ್ಲಿಯ ಸುಲ್ತಾನನ ಅರಮನೆಯಲ್ಲಿತ್ತು. ಅಲ್ಲಿ ರಾಜಪುತ್ರಿಯು ಅದನ್ನು ಬೊಂಬೆಯೆಂದು ಆಡಿಸುತ್ತಿದ್ದಳು. ಆಚಾರ್ಯರು ಮಗುವನ್ನು ಕರೆಯುವಂತೆ ಕರೆಯಲು, ಮೂರ್ತಿಯು ಅವರ ತೊಡೆಯನ್ನೇರಿತು. ಅಗಲಿಕೆಯನ್ನು ತಾಳಲಾರದೆ ರಾಜಪುತ್ರಿಯು ಹಿಂಬಾಲಿಸಿ ಬಂದು ಸ್ವಾಮಿಯ ಪಾದದಲ್ಲಿ ಐಕ್ಯವಾದಳು. ಆಕೆಯೇ ಬೀಬಿ ನಾಚ್ಚಿಯಾರ್. ಆಕೆಯ ಪ್ರತಿಮೆಯು ಇಂದಿಗೂ ಸ್ವಾಮಿಯ ಪಾದದ ಬಳಿಯಲ್ಲಿ ಪೂಜೆಗೊಳ್ಳುತ್ತಿದೆ. ಮೂರ್ತಿಯನ್ನು ತರುವ ದಾರಿಯಲ್ಲಿ ನೆರವಾದವರು ಅಸ್ಪೃಶ್ಯರೆಂದು ಎಣಿಸಲ್ಪಟ್ಟಿದ್ದ ಜನರು. ಆಚಾರ್ಯರು ಅವರಿಗೆ ತಿರುಕುಲದವರು, ಎಂದರೆ ಶ್ರೀಕುಲದವರು, ಎಂಬ ಹೆಸರನ್ನಿತ್ತು ದೇವಾಲಯಪ್ರವೇಶದ ಹಕ್ಕನ್ನೂ ಕೊಟ್ಟರು.

ಕಾಲಗಣನೆಯಿಂದ ನೋಡಿದರೆ ಈ ಕಥೆ ನಿಲ್ಲುವಂತಿಲ್ಲ. ಸಂಪ್ರದಾಯವು ಆಚಾರ್ಯರ ಆಯುಷ್ಯವನ್ನು 1017ರಿಂದ 1137ರವರೆಗೆ ಹೇಳುತ್ತದೆ. ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ನೆಲೆಗೊಂಡದ್ದು 1206ರಲ್ಲಿ. ಮಲಿಕ್ ಕಾಫೂರನ ಸೈನ್ಯವು ದ್ವಾರಸಮುದ್ರಕ್ಕೆ ಬಂದದ್ದು 1311ರಲ್ಲಿ. ಕಥೆಯಲ್ಲಿ ದಿಲ್ಲಿಯ ಹೆಸರು ಬಂದಿರುವುದನ್ನು ಕಂಡರೆ, ಅದು ಆ ದಂಡಯಾತ್ರೆಗಳ ನೋವು ಜನಮನದಲ್ಲಿ ಉಳಿದಿದ್ದ ಕಾಲದಲ್ಲಿ ಈ ರೂಪವನ್ನು ತಾಳಿತೆಂದು ಊಹಿಸಬಹುದಾಗಿದೆ. ಶ್ರೀರಂಗದಲ್ಲಿಯೂ ತುಲುಕ್ಕ ನಾಚ್ಚಿಯಾರ್ ಎಂಬ ಹೆಸರಿನಿಂದ ಇಂಥದೇ ಕಥೆಯೊಂದು ಬೆಳೆದಿರುವುದು ಈ ಊಹೆಗೆ ಪೋಷಕವಾಗಿದೆ. ಹಾಗಿದ್ದ ಪಕ್ಷದಲ್ಲಿ ಅಜ್ಞಾತನಾದ ಆ ಕಥಾಕಾರನ ಹೃದಯವು ಎಷ್ಟು ದೊಡ್ಡದು! ಹಗೆಯ ಮನೆಯ ಮೇಲೆ ಶಾಪವನ್ನು ಹಾಕುವುದು ಸುಲಭವಾಗಿದ್ದಾಗ, ಅದೇ ಮನೆಯ ಮಗಳನ್ನು ಅವನು ಭಕ್ತಶಿರೋಮಣಿಯನ್ನಾಗಿ ಮಾಡಿದನು.

ಇಲ್ಲಿ ನಮ್ಮ ಆಲಂಕಾರಿಕರ ಒಂದು ಸಿದ್ಧಾಂತವು ನೆನಪಿಗೆ ಬರುತ್ತದೆ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವನ್ನು ವಿವರಿಸುತ್ತ ಮಮ್ಮಟನು, ಕಾವ್ಯದಲ್ಲಿ ಕಾಣುವ ಭಾವವು ತನ್ನದು, ಶತ್ರುವಿನದು, ಸಂಬಂಧವಿಲ್ಲದವನದು ಎಂಬ ಭೇದವು ಕರಗಿಹೋದಾಗಲೇ ರಸವು ಹುಟ್ಟುತ್ತದೆಂದು ತಿಳಿಸುತ್ತಾನೆ. ಅಭಿನವಗುಪ್ತನು ಎಣಿಸಿದ ಏಳು ರಸವಿಘ್ನಗಳಲ್ಲಿ, ತನ್ನದು ಪರರದು ಎಂಬ ಕಟ್ಟಿಗೂ ದೇಶಕಾಲಗಳ ಅಂಟಿಗೂ ಸಿಕ್ಕಿಕೊಳ್ಳುವುದೂ ಒಂದು. ಬೀಬಿಯ ವಿರಹಕ್ಕೆ ಕಣ್ಣೀರಿಡುವ ಶ್ರೋತೃವು ಆ ಕ್ಷಣದಲ್ಲಿ ಆಕೆಯ ಕುಲವನ್ನೂ ಮತವನ್ನೂ ಕೇಳುವುದಿಲ್ಲ. ಕೇಳಿದರೆ ಕಣ್ಣೀರು ಬರುವುದಿಲ್ಲ. ಆದುದರಿಂದ ಜಾತಿಯ ಅಹಂಕಾರವು ಧರ್ಮಕ್ಕೆ ಮಾತ್ರವಲ್ಲದೆ ಸಹೃದಯತೆಗೂ ವಿಘ್ನವೇ ಸರಿ.

ಇಷ್ಟರಮಟ್ಟಿಗೆ ಐತಿಹ್ಯವು ಉತ್ತೀರ್ಣವಾಯಿತು. ಇನ್ನು ಆ ಕಥೆಯನ್ನು ಕೇಳುತ್ತ ಬಂದ ಸಮಾಜದ ಪರೀಕ್ಷೆ. ಎಡ್ಗರ್ ಥರ್ಸ್ಟನ್ನನು 1909ರಲ್ಲಿ ಪ್ರಕಟಿಸಿದ ದಕ್ಷಿಣ ಇಂಡಿಯದ ಜಾತಿಗಳನ್ನು ಕುರಿತ ಗ್ರಂಥದಲ್ಲಿ ಮೇಲುಕೋಟೆಯ ಪದ್ಧತಿಯ ವರ್ಣನೆಯಿದೆ. ತಿರುಕುಲದವರ ಪ್ರವೇಶದ ಹಕ್ಕು ವರ್ಷದಲ್ಲಿ ರಥೋತ್ಸವದ ಸಮಯಕ್ಕೆ ಮಾತ್ರ ಸೀಮಿತವಾಗಿತ್ತು. 1799ರಲ್ಲಿ ದಿವಾನ್ ಪೂರ್ಣಯ್ಯನವರು ಕ್ಷೇತ್ರಕ್ಕೆ ಬಂದಾಗ ಆ ಹಕ್ಕನ್ನು ಧ್ವಜಸ್ತಂಭದವರೆಗೆ ಎಂದು ನಿಲ್ಲಿಸಲಾಯಿತೆಂದೂ, ಅಂದಿನಿಂದ ಅವರು ಆ ಕಂಬದ ಬಳಿಯಿಂದಲೇ ಸ್ವಾಮಿಯನ್ನು ನೋಡಬೇಕಾಯಿತೆಂದೂ ಅದು ಹೇಳುತ್ತದೆ. ಕಲ್ಯಾಣಿಯಲ್ಲಿ ಮಿಂದು, ಅಕ್ಕಿ ಎಣ್ಣೆಗಳ ಮಡಕೆಗಳನ್ನು ತಲೆಯ ಮೇಲೆ ಹೊತ್ತು ಅವರು ಬರುತ್ತಿದ್ದರು. ರಥದ ಹಗ್ಗವನ್ನು ಎಳೆಯುತ್ತಿದ್ದರು. ಅದಕ್ಕೆ ಪ್ರತಿಫಲವಾಗಿ ಇನ್ನೂರು ಸೇರು ರಾಗಿ, ಒಂದಿಷ್ಟು ಬೆಲ್ಲ, ಚಪ್ಪರವನ್ನು ಸಿಂಗರಿಸಿದ್ದ ಬಣ್ಣದ ಬಟ್ಟೆಯ ತುಂಡುಗಳು ದೊರೆಯುತ್ತಿದ್ದವು. ಉತ್ಸವವು ಮುಗಿದ ಮೇಲೆ ಅವರಲ್ಲಿನ ಎರಡು ಕುಲಗಳ ಪ್ರತಿನಿಧಿಗಳು ತಟ್ಟೆಗಳನ್ನು ಹಿಡಿದು ನಿಲ್ಲಲು, ಸ್ಥಾನಿಕರು ಎರಡು ಹಾರಗಳನ್ನು ಏಕಕಾಲದಲ್ಲಿ ಅವುಗಳಲ್ಲಿ ಬೀಳಿಸುತ್ತಿದ್ದರು. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಮೆ ಎಂಬ ಸಂದೇಹ ಬಾರದಿರಲೆಂದು ಹೀಗೆ ಮಾಡುತ್ತಿದ್ದರಂತೆ.

ಈ ಹಾರದ ಸಂಗತಿಯು ವಿಚಾರಾರ್ಹವಾಗಿದೆ. ಇಬ್ಬರ ನಡುವೆ ಭೇದವಾಗಬಾರದೆಂಬ ಸೂಕ್ಷ್ಮವಾದ ನ್ಯಾಯಬುದ್ಧಿ ಅಲ್ಲಿದೆ. ಆದರೆ ಆ ಇಬ್ಬರಿಗೂ ಉಳಿದ ಭಕ್ತರಿಗೂ ನಡುವೆ ಇರುವ ಭೇದವು ಆ ನ್ಯಾಯದ ಕಣ್ಣಿಗೆ ಬೀಳುವುದೇ ಇಲ್ಲ. ಮೂರ್ತಿಯನ್ನು ಕಾಪಾಡಿ ತಂದವರ ಸಂತತಿಗೆ ಕಂಬದ ಮೇರೆ, ಮೂರ್ತಿಯನ್ನು ಇಟ್ಟುಕೊಂಡಿದ್ದ ಮನೆಯ ಮಗಳಿಗೆ ಗರ್ಭಗುಡಿಯ ಒಳಗೆ ಪೂಜೆ! ಇದರ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ದೂರದ ರಾಜಪುತ್ರಿಯು ಪ್ರತಿಮೆಯಾಗಿಹೋದಳು. ಆಕೆ ಗದ್ದೆಯಲ್ಲಿ ಪಾಲು ಕೇಳುವುದಿಲ್ಲ, ಬಾವಿಯಲ್ಲಿ ನೀರು ಸೇದುವುದಿಲ್ಲ, ಪಂಕ್ತಿಯಲ್ಲಿ ಬಂದು ಕೂರುವುದಿಲ್ಲ. ನೆರೆಯವನಾದರೋ ಜೀವಂತನು, ನಾಳೆಯೂ ಎದುರಿಗೆ ಬರತಕ್ಕವನು. ಕಲ್ಲಾದ ಪರಕೀಯಳನ್ನು ಪೂಜಿಸುವುದಕ್ಕಿಂತ, ಉಸಿರಾಡುವ ನೆರೆಯವನಿಗೆ ಬಾಗಿಲು ತೆರೆಯುವುದು ಮನುಷ್ಯನಿಗೆ ಯಾವಾಗಲೂ ಕಷ್ಟವಾಗಿದೆ.

ಬೇರೆ ದೇವಾಲಯಗಳ ಬೀದಿಗೂ ಬರಗೊಡದ ಕಾಲದಲ್ಲಿ ಇಷ್ಟಾದರೂ ದೊರೆಯಿತಲ್ಲವೆ ಎಂದು ಸಂಪ್ರದಾಯದ ಪಕ್ಷದವರು ಕೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಆಚಾರ್ಯರ ಔದಾರ್ಯಕ್ಕೆ ಅದರಿಂದ ಕುಂದಿಲ್ಲ. ಆದರೆ ಕೊಟ್ಟ ದಾನವು ಕಾಲಕ್ರಮದಲ್ಲಿ ಬೆಳೆಯಬೇಕಾಗಿತ್ತು. ಇಲ್ಲಿ ಅದು ಕುಗ್ಗಿತು. ಪ್ರವೇಶವು ಉತ್ಸವದ ಕೆಲವೇ ದಿನಗಳದಾಯಿತು, ಅದೂ ಕಂಬದವರೆಗೆ ಮಾತ್ರ ಎಂದಾಯಿತು. ಹೆಸರು ಮಾತ್ರ ಶ್ರೀಕುಲವೆಂದೇ ಉಳಿಯಿತು. ಅನುಷ್ಠಾನವಿಲ್ಲದ ಗೌರವನಾಮವು ಅರ್ಥವಿಲ್ಲದ ಅಲಂಕಾರದಂತೆ ಕಿವಿಗೆ ಇಂಪು, ಬಾಳಿಗೆ ಬರಿದು. ಗಾಂಧೀಜಿಯವರು ಹರಡಿದ ಹರಿಜನ ಎಂಬ ಮಾತಿಗೂ ಇದೇ ಗತಿ ಬಂದಿತು. ಪರರು ಇಟ್ಟ ಹೆಸರುಗಳನ್ನು ಬಿಟ್ಟು ಆ ಜನರು ದಲಿತರೆಂಬ ಹೆಸರನ್ನು ತಾವೇ ಆರಿಸಿಕೊಂಡದ್ದು ಆಶ್ಚರ್ಯವಲ್ಲ.

ನಿಷ್ಪಕ್ಷಪಾತವಾಗಿ ಹೇಳುವುದಾದರೆ, ಕಥೆಯಲ್ಲಿಯೂ ಒಂದು ಕೊರತೆಯುಂಟು. ಬೀಬಿಯು ತವರನ್ನು ಬಿಟ್ಟು, ದೇಹವನ್ನೂ ಬಿಟ್ಟ ಮೇಲಷ್ಟೇ ಆಕೆಗೆ ಸ್ಥಾನ ದೊರೆಯಿತು. ಬದುಕಿದ್ದು ಬಾಗಿಲಲ್ಲಿ ನಿಂತಿದ್ದರೆ ಏನಾಗುತ್ತಿತ್ತೆಂಬುದನ್ನು ಕಥಾಕಾರನು ಹೇಳಲಿಲ್ಲ. ಆ ಪ್ರಶ್ನೆಗೆ ಉತ್ತರವು ತಿರುಕುಲದವರ ಚರಿತ್ರೆಯಲ್ಲಿ ದೊರೆಯುತ್ತದೆ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ಅನುಚ್ಛೇದದಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರ ಕಾಯಿದೆಯು ಅದರ ಆಚರಣೆಗೆ ಶಿಕ್ಷೆಯನ್ನು ವಿಧಿಸಿತು. ಕಂಬದ ಮೇರೆಯನ್ನು ಶಾಸನವು ಅಳಿಸಿದೆ. ಮನಸ್ಸಿನೊಳಗಿನ ಮೇರೆಯನ್ನು ಅಳಿಸುವುದು ಮನೆಗಳ ಕೆಲಸ. ಸಹೃದಯರು ಮಕ್ಕಳಿಗೆ ಚೆಲುವಪಿಳ್ಳೆಯ ಕಥೆಯನ್ನು ಹೇಳುವಾಗ ಬೀಬಿಯ ಐಕ್ಯಕ್ಕೆ ಬಂದು ನಿಲ್ಲಿಸುವುದು ವಾಡಿಕೆ. ಅಲ್ಲಿಗೆ ನಿಲ್ಲಿಸದೆ, ರಥದ ಹಗ್ಗವನ್ನೂ, ಇನ್ನೂರು ಸೇರು ರಾಗಿಯನ್ನೂ, ತಟ್ಟೆಯಲ್ಲಿ ಬಿದ್ದ ಹಾರವನ್ನೂ ಹೇಳಿ ಮುಗಿಸಿದರೆ ಕಥೆಯು ಪೂರ್ಣವಾಗುವುದು.